ಬಲೆಯನ್ನೇ ಮಾರಿಸಿದರೆ ಮುಂದಿನ ಕಂತು ಎಲ್ಲಿಂದ?

(ಗುಂಪು: ನಮ್ಮ ಮನೆ, ಉಡುಪಿ)

ಭಾವ, ಮಣಿಪಾಲ: [ಚಿತ್ರ: ಬ್ಯಾಂಕಿನ ಎದುರು ನೆಲದ ಮೇಲೆ ಕುಳಿತು ಅಳುತ್ತಿರುವ ಗ್ರೀಸಿನ ವೃದ್ಧ. ಕೆಳಗೆ ಬರಹ: "ಹಾಸಿಗೆ ಇದ್ದಷ್ಟು ಕಾಲು ಚಾಚದ ದೇಶದ ಗತಿ. ದುಡಿಯದೆ ಉಂಡರು, ಜರ್ಮನಿ ಸಾಕಿತು."]
ಮಕ್ಕಳಿಗೂ ತೋರಿಸಿ.

ನಾನು: ತೋರಿಸಬೇಡಿ, ಭಾವ. ಇದು ಗ್ರೀಸ್ ಸಾಲದಲ್ಲಿ ಮುಳುಗಿ ಬ್ಯಾಂಕುಗಳು ಮುಚ್ಚಿದ್ದ 2015ರ ಜುಲೈ, ಅಲ್ಲಿನ ಥೆಸಲೋನಿಕಿ ನಗರ. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ ಸಿಗುತ್ತಿತ್ತು. ಪಿಂಚಣಿದಾರರಿಗೆಂದು ಕೆಲವೇ ಶಾಖೆಗಳು ತೆರೆದಿದ್ದವು. ಅವರು ಹೆಂಡತಿಯ ಪಿಂಚಣಿಗಾಗಿ ಬ್ಯಾಂಕಿನಿಂದ ಬ್ಯಾಂಕಿಗೆ ಅಲೆದು ಸೋತು ಕುಸಿದದ್ದು. ಅವರು ಕಾಲು ಚಾಚಿದ್ದೆಲ್ಲಿ?

ಭಾವ, ಮಣಿಪಾಲ: ಅವರೊಬ್ಬರ ಮಾತಲ್ಲ. ಸರ್ಕಾರ ಲೆಕ್ಕ ಮುಚ್ಚಿಟ್ಟದ್ದು ಸುಳ್ಳೇ? ಅಂಥವರಿಗೆ ನೀನಾದರೆ ಸಾಲ ಕೊಡುತ್ತಿದ್ದೆಯಾ?

ನಾನು: ಮುಚ್ಚಿಟ್ಟದ್ದು ನಿಜ. 2009ರ ಬಜೆಟ್ ಕೊರತೆ ಕೊನೆಗೆ ಜಿಡಿಪಿಯ, ಅಂದರೆ ದೇಶದ ವರ್ಷದ ಒಟ್ಟು ಉತ್ಪನ್ನದ, ಶೇ. 15 ದಾಟಿತು. ಉಳ್ಳವರು ತೆರಿಗೆ ತಪ್ಪಿಸುತ್ತಿದ್ದದ್ದೂ ನಿಜ. ಹಾಗಿದ್ದೂ ವರ್ಷಗಟ್ಟಲೆ ಸಾಲ ಕೊಟ್ಟವರು ಯಾರು? ಮುಖ್ಯವಾಗಿ ಫ್ರಾನ್ಸ್, ಜರ್ಮನಿಯ ಬ್ಯಾಂಕುಗಳು. 2010ರ ಮೇ ತಿಂಗಳಲ್ಲಿ ಯೂರೋ ದೇಶಗಳೂ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಕೂಡ ಸೇರಿ ಗ್ರೀಸಿಗೆ 11,000 ಕೋಟಿ ಯೂರೋ ಸಾಲ ಕೊಡಲು ಒಪ್ಪಿಕೊಂಡವು. ಅದರ ದೊಡ್ಡ ಪಾಲು ಹಳೆಯ ಸಾಲ, ಬಡ್ಡಿ ತೀರಿಸಲು ಹೋಯಿತು. ಬ್ಯಾಂಕುಗಳು ಪಾರಾದವು, ಋಣ ಮಾತ್ರ ಗ್ರೀಸಿನ ತಲೆಯ ಮೇಲೆಯೇ ಉಳಿಯಿತು.

ತಮ್ಮ, ಫ್ರಾಂಕ್‌ಫರ್ಟ್: ಅಕ್ಕ, ಇಲ್ಲಿ ತೆರಿಗೆ ಕಟ್ಟುವವನು ನಾನು. ನನ್ನ ಹಣಕ್ಕೆ ಷರತ್ತು ಹಾಕಬಾರದೇ?

ನಾನು: ಹಾಕಲಿ. ಎಂಥ ಷರತ್ತು ಎಂದು ಕೇಳುತ್ತಿದ್ದೇನೆ. ಬ್ಯಾಂಕಿನಲ್ಲಿ ಮಲ್ಪೆಯ ದೋಣಿ ಸಾಲಗಳನ್ನು ನೋಡಿಕೊಂಡವಳು ನಾನು. ಜೂನ್, ಜುಲೈ ತಿಂಗಳಲ್ಲಿ ಮೀನುಗಾರಿಕೆಗೆ ನಿಷೇಧ, 61 ದಿನ ದೋಣಿ ದಡದಲ್ಲಿ. ಆಗ ಕಂತಿಗೆ ಪೀಡಿಸಿದರೆ ಬಲೆ ಮಾರಿ ಕಟ್ಟುತ್ತಾರೆ, ಆಗಸ್ಟಿನಲ್ಲಿ ಕಡಲಿಗೆ ಇಳಿಯಲು ಏನೂ ಉಳಿಯುವುದಿಲ್ಲ. ಒಂದು ಮಳೆಗಾಲ ಮೇಲಿನವರ ಒತ್ತಡಕ್ಕೆ ಮಣಿದು ನಾನೇ ಹಾಗೆ ವಸೂಲಿ ಮಾಡಿಸಿದೆ. ಆ ಕಂತು ಬಂತು, ಸಾಲ ಮಾತ್ರ ಕೊನೆಗೂ ತೀರಲಿಲ್ಲ. ಆ ಮನೆಯಾಕೆಯ ಮುಖ ಈಗಲೂ ಕಣ್ಣಮುಂದೆ ಇದೆ.

ಗ್ರೀಸಿನಲ್ಲಿ ಮಾಡಿದ್ದು ಅದನ್ನೇ. ಪಿಂಚಣಿಗೆ ಮತ್ತೆ ಮತ್ತೆ ಕತ್ತರಿ. 2012ರಲ್ಲಿ ಕನಿಷ್ಠ ವೇತನ ಶೇ. 22 ಕಡಿತ, 25 ವರ್ಷದೊಳಗಿನವರಿಗೆ ಶೇ. 32. ದೇಶದ ಆದಾಯ ಸುಮಾರು ಕಾಲು ಭಾಗ ಕರಗಿತು. 2013ರಲ್ಲಿ ನಿರುದ್ಯೋಗ ಶೇ. 27. ಗ್ರೀಸಿನ ಸಾಲಪತ್ರ ಕೊಂಡು ಹಣ ಕೊಟ್ಟಿದ್ದ ಖಾಸಗಿಯವರು 2012ರಲ್ಲಿ ಮುಖಬೆಲೆಯ ಅರ್ಧಕ್ಕಿಂತ ಹೆಚ್ಚು ಬಿಟ್ಟುಕೊಟ್ಟ ಮೇಲೂ, 2009ರಲ್ಲಿ ಜಿಡಿಪಿಯ ಸುಮಾರು ಶೇ. 127 ಇದ್ದ ಸಾಲ 2014ಕ್ಕೆ ಸುಮಾರು ಶೇ. 180 ಆಯಿತು. 2010ರ ಆ ಮೊದಲ ಸಾಲ ಯೋಜನೆಯಲ್ಲಿ ಗಣನೀಯ ವೈಫಲ್ಯಗಳಾದವು ಎಂದು 2013ರಲ್ಲಿ ಐಎಂಎಫ್ ತಾನೇ ಒಪ್ಪಿಕೊಂಡಿತು.

ಭಾವ, ಮಣಿಪಾಲ: 1991ರಲ್ಲಿ ನಾವೂ ಚಿನ್ನ ಅಡವಿಟ್ಟು ಐಎಂಎಫ್ ಸಾಲ ತಂದೆವು. ಷರತ್ತು ಪಾಲಿಸಿದೆವು, ಚೇತರಿಸಿಕೊಂಡೆವು.

ನಾನು: ಸುಮಾರು 47 ಟನ್ ಚಿನ್ನ. ನಾನಾಗ ಕೌಂಟರಿನಲ್ಲಿದ್ದೆ, ಊರೆಲ್ಲ ಅದೇ ಮಾತು. ಆದರೆ ಆ ಜುಲೈಯ ಮೊದಲ ಮೂರು ದಿನಗಳಲ್ಲಿ ರೂಪಾಯಿಯ ಮೌಲ್ಯವನ್ನು ಎರಡು ಸಲ ಇಳಿಸಿದ್ದು ನೆನಪಿದೆಯೇ? ನಮ್ಮ ಸರಕು ಹೊರಗಿನವರಿಗೆ ಅಗ್ಗವಾಯಿತು. ತನ್ನದೇ ನಾಣ್ಯ ದ್ರಾಖ್ಮಾ ಬಿಟ್ಟು ಯೂರೋ ಸೇರಿದ್ದ ಗ್ರೀಸಿಗೆ ಆ ದಾರಿ ಇರಲಿಲ್ಲ. ನಾಣ್ಯ ಇಳಿಸಲಾಗದ್ದಕ್ಕೆ ಕೂಲಿ ಇಳಿಸಿದರು.

ತಮ್ಮ, ಫ್ರಾಂಕ್‌ಫರ್ಟ್: ಹಾಗೆಂದು ಸಾಲ ಮನ್ನಾ ಮಾಡಿದರೆ ನಾಳೆ ಎಲ್ಲರೂ ಕೇಳುತ್ತಾರೆ.

ನಾನು: ನೀನಿರುವ ದೇಶಕ್ಕೂ ಸಿಕ್ಕಿತ್ತು, ತಮ್ಮಾ. 1953ರ ಲಂಡನ್ ಒಪ್ಪಂದದಲ್ಲಿ ಪಶ್ಚಿಮ ಜರ್ಮನಿಯ ವಿದೇಶಿ ಸಾಲದ ಸುಮಾರು ಅರ್ಧ ಬಿಟ್ಟುಕೊಟ್ಟರು. ಸಹಿ ಹಾಕಿದವರಲ್ಲಿ ಗ್ರೀಸೂ ಇತ್ತು.

ತಮ್ಮ, ಫ್ರಾಂಕ್‌ಫರ್ಟ್: ಅದು ಯುದ್ಧ ಮುಗಿದ ಕಾಲ. ಅದನ್ನು ಇಲ್ಲಿಗೆ ತರುವುದನ್ನು ನಾನು ಒಪ್ಪುವುದಿಲ್ಲ.

ನಾನು: ಕಾಲ ಬೇರೆ, ಒಪ್ಪುತ್ತೇನೆ. ದುಡಿಯಲು ಬಿಟ್ಟರೆ ತಾನೇ ಸಾಲ ತೀರಿಸುವುದು? ಆಗ ಜರ್ಮನಿಯನ್ನು ದುಡಿಯಲು ಬಿಟ್ಟರು.

ಚಿಕ್ಕಮ್ಮ, ಕಟಪಾಡಿ: ನನಗೆ ಈ ಲೆಕ್ಕ ತಿಳಿಯುವುದಿಲ್ಲ. ಆ ಚಿತ್ರ ನೋಡಿದಾಗಿನಿಂದ ನಮ್ಮ ಅಪ್ಪ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ. ಪಿಂಚಣಿಯ ದಿನ ಬೆಳಿಗ್ಗೆಯೇ ಒಗೆದ ಪಂಚೆ ಉಟ್ಟು, ಪಾಸ್‌ಬುಕ್ ಹಿಡಿದು ಬಸ್ಸಿಗೆ ಕಾಯುತ್ತಿದ್ದರು.

ಭಾವ, ಮಣಿಪಾಲ: ಅಜ್ಜನವರ ನೆನಪು ನನಗೂ ಬಂತು. ಸರ್ಕಾರದ ತಪ್ಪನ್ನು ನಾನು ಬಿಟ್ಟುಕೊಡುವುದಿಲ್ಲ. ಚಿತ್ರವನ್ನು ಅಳಿಸುತ್ತೇನೆ.

ನಾನು: ಸರ್ಕಾರದ ತಪ್ಪನ್ನು ನೀವು ಬಿಡುವುದೂ ಬೇಡ, ಭಾವ. ಅಕ್ಕನನ್ನು ಕರೆದುಕೊಂಡು ಭಾನುವಾರ ಊಟಕ್ಕೆ ಬನ್ನಿ, 1991ರ ಮಾತು ಇನ್ನೂ ಮುಗಿದಿಲ್ಲ.