ಡ್ರೆಸ್ಡೆನ್‌ನಲ್ಲಿ ಒಂದು ದಿನ: ಯಾವ ವಾರ, ಯಾವ ದಾರಿ?

ಪ್ರಶ್ನೆ: ಬರ್ಲಿನ್‌ನಿಂದ ಬೆಳಿಗ್ಗೆ ರೈಲಿನಲ್ಲಿ ಹೋಗಿ ರಾತ್ರಿ ವಾಪಸ್. ಜೊತೆಗೆ ಅಪ್ಪ, ಅಮ್ಮ; ಅಮ್ಮನಿಗೆ ಮಂಡಿನೋವು. ಮಂಗಳವಾರ ಅಂದುಕೊಂಡಿದ್ದೇವೆ. ಏನು ನೋಡಬೇಕು, ಏನು ಬಿಡಬಹುದು?

ಉತ್ತರ 1: ಮೊದಲು ವಾರ ಬದಲಾಯಿಸಿ. ಮಂಗಳವಾರ ರೆಸಿಡೆನ್ಸ್ ಅರಮನೆಗೆ ರಜೆ, ಸೋಮವಾರ ತ್ಸ್ವಿಂಗರ್ ಅರಮನೆ ಸಂಕೀರ್ಣದ ಚಿತ್ರಶಾಲೆಗೆ ರಜೆ. ಭಾನುವಾರ ಫ್ರೌವೆನ್‌ಕಿರ್ಖೆ ಚರ್ಚಿನಲ್ಲಿ ಪ್ರಾರ್ಥನೆ. ಬುಧವಾರದಿಂದ ಶುಕ್ರವಾರದೊಳಗೆ ಹೋದರೆ ಸಲೀಸು.

ಅರಮನೆಯ ಖಜಾನೆ ಗ್ರ್ಯೂನೆಸ್ ಗೆವೋಲ್ಬೆ ಎರಡು ಭಾಗ. ಐತಿಹಾಸಿಕ ಭಾಗಕ್ಕೆ ನಿಗದಿತ ಸಮಯದ ಪ್ರತ್ಯೇಕ ಟಿಕೆಟ್. ಮುಂಗಡ ಕಾಯ್ದಿರಿಸದೆ ಹೋದರೆ ಸಂಜೆಯ ಸಮಯವಷ್ಟೇ ಉಳಿದಿರಬಹುದು, ಅದೂ ಇಲ್ಲದಿರಬಹುದು. ಹೊಸ ಭಾಗ ಅರಮನೆಯ ಮಾಮೂಲಿ ಟಿಕೆಟ್‌ನಲ್ಲೇ ಬರುತ್ತದೆ. ಒಂದನ್ನೇ ನೋಡುವುದಾದರೆ ಹೊಸದನ್ನೇ ನೋಡಿ. ಅಕ್ಕಸಾಲಿಗ ಡಿಂಗ್ಲಿಂಗರ್ 1701ರಿಂದ 1708ರವರೆಗೆ ಚಿನ್ನ, ವಜ್ರಗಳಲ್ಲಿ ಕಟ್ಟಿದ ಔರಂಗಜೇಬನ ದರ್ಬಾರಿನ ಪುಟ್ಟ ಮಾದರಿ ಇರುವುದು ಅಲ್ಲಿ. 1686ರಲ್ಲಿ ಬಿಜಾಪುರವನ್ನು ನುಂಗಿದ ಅದೇ ಔರಂಗಜೇಬ! ಡಿಂಗ್ಲಿಂಗರ್ ಭಾರತ ಕಂಡವನಲ್ಲ, ಹಾಗಾಗಿ ದರ್ಬಾರಿನಲ್ಲಿ ಚೀನಾದ ಛಾಯೆಯೂ ಸೇರಿಕೊಂಡಿದೆ.

ಉತ್ತರ 2: ಫ್ರೌವೆನ್‌ಕಿರ್ಖೆ ಒಳಗೆ ಹೋಗಲು ಹಣವಿಲ್ಲ, ಆದರೆ ಮಧ್ಯಾಹ್ನ 12ರ ಪ್ರಾರ್ಥನೆಗೆ ವೀಕ್ಷಣೆ ನಿಲ್ಲುತ್ತದೆ. 11ರೊಳಗೆ ಮುಗಿಸಿ. ಗುಮ್ಮಟಕ್ಕೆ ಬೇರೆ ಬಾಗಿಲು, ಬೇರೆ ಟಿಕೆಟ್. ಲಿಫ್ಟ್ ಅರ್ಧಕ್ಕೂ ಮುಂಚೆಯೇ ಮುಗಿಯುತ್ತದೆ, ಆಮೇಲೆ ಸುತ್ತು ಇಳಿಜಾರು, ಕೊನೆಗೆ ಕಡಿದಾದ ಮೆಟ್ಟಿಲು. ಅಮ್ಮನವರಿಗೆ ಬೇಡ.

ಹೊರಗಿನ ಕಪ್ಪು ಕಲ್ಲುಗಳು 1945ರ ಬಾಂಬ್ ದಾಳಿಯ ಬಳಿಕ ಅವಶೇಷದಲ್ಲಿ ಸಿಕ್ಕವು, ತಿಳಿಬಣ್ಣದವು 1994ರಿಂದ 2005ರವರೆಗೆ ಹೊಸದಾಗಿ ಕೂರಿಸಿದವು. ಮರಳುಗಲ್ಲಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಹೊಸವೂ ಕ್ರಮೇಣ ಕಪ್ಪಾಗುತ್ತವೆ. ಸುತ್ತಲಿನ ನಾಯ್‌ಮಾರ್ಕ್ಟ್ ಚೌಕದ 'ಹಳೆ' ಮನೆಗಳೂ ಈ ಶತಮಾನದವೇ: ಮುಂಭಾಗ ಹಳೆಯ ಬರೋಕ್ ಶೈಲಿ, ಹಿಂದೆ ಕಾಂಕ್ರೀಟು. ನಿಜಕ್ಕೂ ದಾಳಿಯಿಂದ ಉಳಿದದ್ದು ಬೇಕಿದ್ದರೆ ಎರಡು ಹೆಜ್ಜೆ ಆಚೆ ಫ್ಯುರ್ಸ್ಟೆನ್‌ತ್ಸುಗ್, ಅಂದರೆ ಅರಸರ ಮೆರವಣಿಗೆಯ ಗೋಡೆಚಿತ್ರ ನೋಡಿ: 102 ಮೀಟರ್ ಉದ್ದ, ಸುಮಾರು 23,000 ಪಿಂಗಾಣಿ ಬಿಲ್ಲೆ.

ಉತ್ತರ 3: ಮುಖ್ಯ ನಿಲ್ದಾಣದ ಲಾಕರ್‌ನಲ್ಲಿ ಚೀಲ ಇಡಿ. ಪ್ರಾಗರ್ ಸ್ಟ್ರಾಸೆ ರಸ್ತೆ ಹಿಡಿದು ಆಲ್ಟ್‌ಮಾರ್ಕ್ಟ್ ಚೌಕಕ್ಕೆ ನಡಿಗೆ 15-20 ನಿಮಿಷ, ಸಮತಟ್ಟು. ಹಳೆಪಟ್ಟಣದಲ್ಲಿ ಮಾತ್ರ ಗುಂಡುಕಲ್ಲಿನ ಹಾಸು. ಮೆತ್ತನೆ ದಪ್ಪ ಸೋಲಿನ ಶೂ ಹಾಕಿಸಿ. ಟ್ರಾಮ್ ಟಿಕೆಟ್ ಕಾಗದದ್ದಾದರೆ ಮುದ್ರೆ ಒತ್ತಿಸಬೇಕೋ ನೋಡಿ, ಒತ್ತಿಸದಿದ್ದರೆ ದಂಡ. ಕರೋಲಾ ಸೇತುವೆ 2024ರ ಸೆಪ್ಟೆಂಬರ್‌ನಲ್ಲಿ ಕುಸಿದಿದೆ, ಹಳೆ ಟ್ರಾಮ್ ನಕ್ಷೆ ನಂಬಬೇಡಿ.

ಸಂಜೆ ಆಗಸ್ಟಸ್ ಸೇತುವೆ ದಾಟಿ ಎಲ್ಬೆ ನದಿಯ ಆಚೆ ದಡದಿಂದ ಫೋಟೋ ತೆಗೆಯಿರಿ; ಮಧ್ಯಾಹ್ನ ಬಿಸಿಲು ಕಟ್ಟಡಗಳ ಹಿಂದಿರುವುದರಿಂದ ಎಲ್ಲ ಕಪ್ಪಗೆ ಬರುತ್ತದೆ. ಸಸ್ಯಾಹಾರಿಗಳಾದರೆ ಊಟಕ್ಕೂ ಆ ದಡದ ನೊಯ್‌ಸ್ಟಾಟ್ ಕಡೆಯೇ ವಾಸಿ. ಊರಿನ ಹೆಸರಾಂತ ಐಯರ್‌ಶೆಕೆ ಕೇಕಿನಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ಎಚ್ಚರ.