ಅಪ್‌ಡೇಟ್: ಟರ್ಬೊ ಹೋಗಿರಲಿಲ್ಲ!

ಏರಿನಲ್ಲಿ ಎಳೆತವೇ ಇಲ್ಲ, ಆಕ್ಸಿಲರೇಟರ್ ಒತ್ತಿದರೆ ಸಿಳ್ಳೆ ಹೊಡೆದಂಥ ಸದ್ದು, ನನ್ನ 1.0 ಲೀಟರ್ ಪೆಟ್ರೋಲ್ ಕಾರಿನ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ಕಳಿಸುವ ಭಾಗ) ಹೋಯ್ತಾ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು. ಆ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪ್ ಕ್ಲ್ಯಾಂಪ್ ಹತ್ತಿರ ಸೀಳಿತ್ತು, ಟರ್ಬೊ ಒತ್ತಿ ಕಳಿಸಿದ ಗಾಳಿ ಅಲ್ಲೇ ಸೋರುತ್ತಿತ್ತು. ಮೊದಲ ಮೆಕ್ಯಾನಿಕ್ ಟರ್ಬೊನೇ ಬದಲಿಸಿ ಅಂದಿದ್ದರು, ಸುಮ್ನೆ ಒಪ್ಪಿದ್ದರೆ ಕಥೆ ಮುಗೀತಿತ್ತು. ಎರಡನೆಯವರು ಪೈಪಿಗೆ ಹೊಗೆ ಬಿಟ್ಟು ಸೀಳು ಹಿಡಿದರು. ಟರ್ಬೊ ಒಳಗೆ ತಿರುಗುವ ಶಾಫ್ಟ್ ಕೂಡ ಅಲುಗಾಡಿಸಿ ನೋಡಿದರು, ಸಡಿಲ ಜಾಸ್ತಿ ಇರಲಿಲ್ಲ.

ಆದರೆ ಎಂಜಿನ್ ಆಯಿಲ್ ಕಪ್ಪಗೆ ಗಟ್ಟಿಯಾಗಿತ್ತು. ಸಮಯಕ್ಕೆ ಬದಲಿಸದೆ ಇದ್ದದ್ದು ನನ್ನದೇ ತಪ್ಪು. ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಶಾಫ್ಟ್ ಆ ಆಯಿಲ್ ಪದರದ ಮೇಲೆಯೇ ತೇಲೋದು ಅಲ್ವಾ. ಈಗ ಮ್ಯಾನ್ಯುಯಲ್‌ನಲ್ಲಿರುವ ಗ್ರೇಡಿನ ಫುಲ್ ಸಿಂಥೆಟಿಕ್ ಆಯಿಲ್ ಹಾಕಿಸಿದ್ದೇನೆ, ಜೋರಾಗಿ ಓಡಿಸಿದ ಮೇಲೆ ಟರ್ಬೊ ತಣಿಯಲಿ ಅಂತ ಗಾಡಿ ನಿಲ್ಲಿಸಿ ಒಂದು ನಿಮಿಷ ಎಂಜಿನ್ ಐಡಲ್‌ನಲ್ಲಿ ಬಿಟ್ಟೇ ಆಫ್ ಮಾಡುತ್ತೇನೆ.