ದೊರಗು ಕಾಗದದ ಹಳೆಯ ಫೋಟೊಗಳು: ಕೇಳಿ, ಉತ್ತರಿಸುತ್ತೇನೆ

ಉತ್ತರಿಸುವವರು: ಹಳೆಯ ಫೋಟೊಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಸರಿಪಡಿಸುವುದು ನನ್ನ ವೃತ್ತಿ. ‘ಸ್ಕ್ಯಾನ್ ಮಾಡಿದರೆ ಮುಖದ ತುಂಬಾ ಚುಕ್ಕಿ ಬರುತ್ತದೆ’ ಎಂದು ಗುಂಪಿನಲ್ಲಿ ಹಲವರು ಬರೆದಿದ್ದೀರಿ. ಸಿಲ್ಕ್ ಕಾಗದ (ಮೈಮೇಲೆ ಸಣ್ಣ ಉಬ್ಬುಗಳ ನಮೂನೆ ಒತ್ತಿದ ಫೋಟೊ ಕಾಗದ), ದೊರಗು ಕಾಗದದ ಫೋಟೊಗಳ ಬಗ್ಗೆ ಇಂದು ಸಂಜೆಯವರೆಗೆ ಕೇಳಬಹುದು.

ಹಾಸನ: ಸರ್, ನಮ್ಮ ತಂದೆ–ತಾಯಿಯ ಮದುವೆಯ ಫೋಟೊ ಕೈಯಲ್ಲಿ ಹಿಡಿದು ನೋಡಿದರೆ ಚೆನ್ನಾಗಿದೆ. ಸ್ಕ್ಯಾನ್ ಮಾಡಿದರೆ ಮೇಲೆಲ್ಲ ಜೇನುಗೂಡಿನಂತಹ ಬಲೆ. ಸ್ಕ್ಯಾನರ್ ಕೆಟ್ಟಿದೆಯೇ?

ಉತ್ತರಿಸುವವರು: ಸ್ಕ್ಯಾನರ್ ಕೆಟ್ಟಿಲ್ಲ ಮೇಡಂ. ಆ ಕಾಗದದ ಮೈಮೇಲೆ ಸಣ್ಣ ಉಬ್ಬುಗಳಿವೆ. ಬೆರಳಚ್ಚು ಕಾಣದಿರಲಿ, ಹೊಳಪು ಕಣ್ಣಿಗೆ ಹೊಡೆಯದಿರಲಿ ಎಂದು ಸ್ಟುಡಿಯೊಗಳು ಅದನ್ನು ಇಷ್ಟಪಟ್ಟು ಬಳಸುತ್ತಿದ್ದವು. ಸ್ಕ್ಯಾನರಿನ ದೀಪ ಒಂದು ಮಗ್ಗುಲಿನಿಂದ ಓರೆಯಾಗಿ ಬೀಳುತ್ತದೆ. ಪ್ರತಿ ಉಬ್ಬಿನ ಒಂದು ಬದಿ ಮಿನುಗುತ್ತದೆ, ಇನ್ನೊಂದು ಬದಿಗೆ ನೆರಳು ಬೀಳುತ್ತದೆ. ನೀವು ಕಾಣುತ್ತಿರುವ ಬಲೆ ಅದೇ.

ಫೋಟೊವನ್ನು ಒಮ್ಮೆ ನೇರವಾಗಿ, ಇನ್ನೊಮ್ಮೆ ತಲೆಕೆಳಗಾಗಿ ಇಟ್ಟು ಸ್ಕ್ಯಾನ್ ಮಾಡಿ. 600 ಡಿಪಿಐ (ಇಂಚಿಗೆ 600 ಚುಕ್ಕಿ), ಕಡತ ಜೆಪೆಗ್ ಬೇಡ, ಟಿಫ್ ಇರಲಿ, ಅಂಚುಗಳನ್ನು ಚೂಪು ಮಾಡುವ ಶಾರ್ಪನಿಂಗ್ ಬಂದ್. ಎರಡನೆಯದನ್ನು ಕಂಪ್ಯೂಟರಿನಲ್ಲಿ 180 ಡಿಗ್ರಿ ತಿರುಗಿಸಿ, ಮೊದಲನೆಯದರ ಮೇಲೆ ಕೂದಲೆಳೆಯೂ ಆಚೀಚೆ ಆಗದಂತೆ ಕೂರಿಸಿ, ಮೇಲಿನ ಪದರದ ಅಪಾರದರ್ಶಕತೆಯನ್ನು ಶೇ. 50ಕ್ಕೆ ಇಳಿಸಿ. ಒಂದರಲ್ಲಿ ಮಿನುಗಿದ ಜಾಗದಲ್ಲಿ ಇನ್ನೊಂದರಲ್ಲಿ ನೆರಳಿರುವುದರಿಂದ ಬಲೆಯ ಬಹುಭಾಗ ಅಳಿಯುತ್ತದೆ. ಫೋಟೊಶಾಪ್‌ನಲ್ಲಿ ಪದರಗಳನ್ನು ತಾನೇ ಹೊಂದಿಸುವ ಸೌಲಭ್ಯವಿದೆ.

ತುಮಕೂರು: ಇದಕ್ಕೆ ಯಾವ ಆಪ್ ಒಳ್ಳೆಯದು ಸರ್?

ಉತ್ತರಿಸುವವರು: ಆಪ್ ಬೇಡ. ಮೇಲಿನ ಉತ್ತರ ಓದಿ.

ತೀರ್ಥಹಳ್ಳಿ: ಅಜ್ಜ–ಅಜ್ಜಿಯ ದೊಡ್ಡ ಫೋಟೊ, ಕಪ್ಪು–ಬಿಳುಪಿನ ಮೇಲೆ ಕೈಯಲ್ಲಿ ಬಣ್ಣ ಹಾಕಿದ್ದು. ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದೆ. ಅಂಚಿಗೆ ಕೊಬ್ಬರಿ ಎಣ್ಣೆ ಸವರಿ, ಹೇರ್ ಡ್ರೈಯರ್ ಹಿಡಿದರೆ ಬಿಡುತ್ತದೆ ಎಂದು ಮಾವನಿಗೆ ಯಾರೋ ಕಳಿಸಿದ್ದಾರೆ. ಒಂದು ಮೂಲೆಗೆ ಎಣ್ಣೆ ಹಚ್ಚಿಯೂ ಆಗಿದೆ. ಡ್ರೈಯರ್ ನಾಳೆ ತರುತ್ತಾರಂತೆ. ಸರಿಯೇ?

ಉತ್ತರಿಸುವವರು: ಈಗಲೇ ನಿಲ್ಲಿಸಲು ಹೇಳಿ. ಫೋನ್ ಮಾಡಿ ಹೇಳಿ, ಸಂದೇಶ ಕಳಿಸಿ ಕಾಯಬೇಡಿ.

ಫೋಟೊದ ಚಿತ್ರವಿರುವುದು ಕಾಗದದ ಮೇಲಿನ ಜೆಲಟಿನ್ ಪದರದಲ್ಲಿ. ಮಲೆನಾಡಿನ ಮಳೆಗಾಲದ ತೇವಕ್ಕೆ ಅದು ಮೆತ್ತಗಾಗಿ ಗಾಜನ್ನು ಹಿಡಿದುಕೊಂಡಿದೆ. ಕೈಬಣ್ಣ ಆ ಪದರಕ್ಕಿಂತಲೂ ಮೇಲಿದೆ. ಎಂದರೆ ಅಜ್ಜಿಯ ಸೀರೆಯ ಕೆಂಪು, ಒಡವೆಯ ಹಳದಿ, ಇವೇ ಗಾಜಿಗೆ ಮೊದಲು ಅಂಟಿರುವುದು. ಬಿಸಿ ಕೊಟ್ಟು ಎಳೆದರೆ ಕಾಗದ ನಿಮ್ಮ ಕೈಗೆ ಬರುತ್ತದೆ, ಅಜ್ಜಿಯ ಮುಖ ಗಾಜಿನ ಮೇಲೆ ಉಳಿಯುತ್ತದೆ. ಹಾಗೆ ಎರಡು ತುಂಡಾಗಿ ನನ್ನ ಬಳಿಗೆ ಬಂದ ಫೋಟೊಗಳನ್ನು ಯಾವ ಕಂಪ್ಯೂಟರ್ ವಿದ್ಯೆಯಿಂದಲೂ ಪೂರ್ತಿ ಮರಳಿಸಲಾಗಿಲ್ಲ.

ಮಾಡಬೇಕಾದದ್ದು ಇಷ್ಟು. ಚೌಕಟ್ಟಿನ ಹಿಂಬದಿಯ ರಟ್ಟನ್ನು ಮಾತ್ರ ಬಿಚ್ಚಿ, ಫೋಟೊ ಮತ್ತು ಗಾಜು ಒಟ್ಟಿಗೇ ಇರಲಿ. ಗಾಜಿನ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ. ಗಾಜಿನ ಸಮೇತ ಕ್ಯಾಮೆರಾದಲ್ಲಿ ಚಿತ್ರ ತೆಗೆಯಿಸಿ: ಎರಡು ಪಕ್ಕದಲ್ಲೂ ಓರೆಯಾಗಿ ದೀಪ, ಕ್ಯಾಮೆರಾದ ಸುತ್ತ ಪ್ರತಿಬಿಂಬ ಬೀಳದಂತೆ ಕಪ್ಪು ಬಟ್ಟೆ. ತೆಳುವಾದ ಅಗ್ಗದ ಸ್ಕ್ಯಾನರುಗಳು ತಮ್ಮ ಗಾಜಿಗೆ ತಾಗಿದ್ದನ್ನು ಮಾತ್ರ ಸ್ಪಷ್ಟವಾಗಿ ಹಿಡಿಯುತ್ತವೆ. ನಡುವೆ ಇನ್ನೊಂದು ಗಾಜು ಬಂದರೆ ಚಿತ್ರ ಮಸುಕಾಗುತ್ತದೆ.

ಎಣ್ಣೆ ಹಚ್ಚಿದ ಮೂಲೆಯ ಚಿತ್ರವನ್ನು ಹತ್ತಿರದಿಂದ ತೆಗೆದು ಹಾಕಿ. ಒರೆಸಬೇಡಿ.

ದಾವಣಗೆರೆ: ನಮಗೂ ಇಂಥದ್ದೇ ಸಂದೇಶ ಬಂದಿತ್ತು, ಫೋಟೊದ ದೊರಗು ಹೋಗಲು ಕೊಬ್ಬರಿ ಎಣ್ಣೆ ತೆಳುವಾಗಿ ಸವರಿ ಎಂದು. ಟೂತ್‌ಪೇಸ್ಟ್ ಕೂಡ ಆಗುತ್ತದಂತೆ. ನಿಜವೇ?

ಉತ್ತರಿಸುವವರು: ಸುಳ್ಳು. ಎಣ್ಣೆ ಕಾಗದದೊಳಗೆ ಇಳಿದು ಕಲೆಯಾಗಿ ನಿಲ್ಲುತ್ತದೆ. ಟೂತ್‌ಪೇಸ್ಟ್ ಚಿತ್ರವನ್ನೇ ತಿಕ್ಕಿ ತೆಗೆಯುತ್ತದೆ. ಆಲೂಗಡ್ಡೆ, ನಿಂಬೆರಸ, ಉಗುರುಬಣ್ಣ ತೆಗೆಯುವ ದ್ರವ, ಯಾವುದನ್ನೂ ಹಚ್ಚಬಾರದು. ಆ ಸಂದೇಶವನ್ನು ಇನ್ನೊಬ್ಬರಿಗೆ ಕಳಿಸಿದ್ದರೆ ಅವರಿಗೂ ತಿಳಿಸಿ.

ಧಾರವಾಡ: ಸರ್, ನಮ್ಮ ಅಜ್ಜಿಯದು ಉಳಿದಿರುವುದು ಒಂದೇ ಫೋಟೊ, ಅದೂ ಗುಂಪು ಚಿತ್ರ. ಅವರ ಮುಖ ಕಿರುಬೆರಳಿನ ಉಗುರಿನಷ್ಟೂ ಇಲ್ಲ. ಎರಡು ಸ್ಕ್ಯಾನ್ ಸೇರಿಸಿದೆ. ಬಲೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ತಮ್ಮ ಅದನ್ನು ಒಂದು ಆಪ್‌ಗೆ ಹಾಕಿದ. ಮುಖ ಬಹಳ ಸ್ಪಷ್ಟವಾಗಿ ಬಂತು. ಅವ್ವ ನೋಡಿ ‘ಇವರು ಯಾರು?’ ಎಂದರು. ಗದ್ದದ ಮೇಲಿನ ಹಚ್ಚೆಯೂ ಇಲ್ಲ, ನತ್ತೂ ಇಲ್ಲ.

ಮಂಗಳೂರು: ಯಾವ ಆಪ್ ಬಳಸಿದಿರಿ? ನಾನು ಬಳಸುವುದು ಒಂದೇ ಕ್ಷಣದಲ್ಲಿ ಮಾಡಿಕೊಡುತ್ತದೆ. ಇಷ್ಟೆಲ್ಲ ಕಷ್ಟ ಏಕೆ?

ಮೈಸೂರು: ಒಂದೇ ಕ್ಷಣದಲ್ಲಿ ಬೇರೆಯವರ ಅಜ್ಜಿಯನ್ನು ಮಾಡಿಕೊಡುತ್ತದೆ. ಅವರು ಬರೆದದ್ದನ್ನು ಓದಿದಿರಾ?

ಮಂಗಳೂರು: ಏನೂ ಕಾಣದ ಮುಖಕ್ಕಿಂತ ಕಾಣುವ ಮುಖ ಮೇಲು. ಹಚ್ಚೆಯನ್ನು ಆಮೇಲೆ ಬರೆದುಕೊಂಡರಾಯಿತು.

ಮೈಸೂರು: ಬರೆದುಕೊಳ್ಳುವುದಾದರೆ ಚಿತ್ರ ಬರೆಸಿ, ಫೋಟೊ ಎನ್ನಬೇಡಿ. ನನ್ನ ಕೇಳಿಕೆ ಇನ್ನೂ ಒಂದಿದೆ: ಈ ದೊರಗನ್ನು ತೆಗೆಯಲೇಬೇಕೇ? ಅದೂ ಆ ಕಾಲದ ಫೋಟೊದ ಭಾಗವೇ.

ಉತ್ತರಿಸುವವರು: ಧಾರವಾಡದವರ ತಾಯಿ ಹೇಳಿದ್ದು ಸರಿ. ಅಷ್ಟು ಸಣ್ಣ ಮುಖದಲ್ಲಿ ಒಂದು ಕಣ್ಣಿನ ಜಾಗಕ್ಕೆ ಎರಡೋ ಮೂರೋ ಉಬ್ಬುಗಳು ಬರುತ್ತವೆ. ಕಣ್ಣು ಯಾವುದು, ಉಬ್ಬು ಯಾವುದು ಎಂದು ಆಪ್‌ಗೆ ತಿಳಿಯುವುದಿಲ್ಲ. ತಾನು ಕಲಿತ ಸಾವಿರಾರು ಮುಖಗಳಿಂದ ಒಂದನ್ನು ಊಹಿಸಿ ಅಲ್ಲಿ ಕೂರಿಸುತ್ತದೆ. ಹಚ್ಚೆ ಅದಕ್ಕೆ ಕಲೆ, ನತ್ತು ಅದಕ್ಕೆ ಗೀರು.

ನಿಮಗೆ ಬೇಕಾದದ್ದು ಫೂರಿಯೆ ರೂಪಾಂತರ. ಚಿತ್ರವನ್ನು ಅಲೆಗಳ ಮೊತ್ತವಾಗಿ ಬಿಡಿಸಿ ತೋರಿಸುವ ಲೆಕ್ಕ ಅದು. ಒಂದೇ ಅಂತರದಲ್ಲಿ ಮರುಕಳಿಸುವ ಉಬ್ಬುಗಳು ಅಲ್ಲಿ ಪ್ರಖರವಾದ ಚುಕ್ಕಿಗಳಾಗಿ ಬೇರೆ ನಿಲ್ಲುತ್ತವೆ. ಅಜ್ಜಿಯ ಮುಖ ಹಾಗೆ ಮರುಕಳಿಸುವುದಿಲ್ಲ, ಆದ್ದರಿಂದ ಅದು ಎಲ್ಲೆಡೆ ಹರಡಿರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರೂಪುಗೊಂಡ ಇಮೇಜ್‌ಜೆ ಎಂಬ ತಂತ್ರಾಂಶ ಉಚಿತ. ಅದರಲ್ಲಿ ಈ ಲೆಕ್ಕ ಮಾಡುವ ಎಫ್ಎಫ್‌ಟಿ ಆಜ್ಞೆ ಕೊಟ್ಟು, ಆ ನಾಲ್ಕು ಚುಕ್ಕಿಗಳ ಮೇಲೆ ಕಪ್ಪು ಬಳಿದು, ಅಲೆಗಳನ್ನು ಮತ್ತೆ ಚಿತ್ರವಾಗಿಸುವ ವಿಲೋಮ ಆಜ್ಞೆ ಕೊಡಿ. ನಟ್ಟನಡುವಿನ ಚುಕ್ಕಿಯನ್ನು ಮುಟ್ಟಬೇಡಿ. ಚಿತ್ರದ ಒಟ್ಟು ಬೆಳಕು ಅದರಲ್ಲಿದೆ. ಬಣ್ಣದ ಫೋಟೊ ಆದರೆ ಕೆಂಪು, ಹಸಿರು, ನೀಲಿಗಳನ್ನು ಬಿಡಿಸಿ ಬೇರೆಬೇರೆ ಮಾಡಬೇಕು.

ಕಾಗದದ ದೊರಗು ಅಡ್ಡಾದಿಡ್ಡಿಯಾಗಿದ್ದರೆ ಚುಕ್ಕಿಗಳು ಮೂಡುವುದೇ ಇಲ್ಲ, ಈ ದಾರಿ ಉಪಯೋಗಕ್ಕೆ ಬರುವುದಿಲ್ಲ. ಆಗ ದೀಪಗಳಿಗೂ ಲೆನ್ಸಿಗೂ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಧ್ರುವೀಕರಣದ ಫಿಲ್ಟರ್ ಹಾಕಿ, ಒಂದಕ್ಕೊಂದು ಅಡ್ಡವಾಗಿ ತಿರುಗಿಸಿ ಕ್ಯಾಮೆರಾದಲ್ಲಿ ತೆಗೆಯಬೇಕು. ಉಬ್ಬುಗಳ ಮಿನುಗು ಕ್ಯಾಮೆರಾವರೆಗೆ ಬರುವುದಿಲ್ಲ.

ಇಷ್ಟು ಮಾಡಿದ ಮೇಲೂ ಮುಖ ಸ್ವಲ್ಪ ಮಂಕಾಗಿಯೇ ಇರುತ್ತದೆ. ಆದರೆ ಅದು ನಿಮ್ಮ ಅಜ್ಜಿಯ ಮುಖ. ನೇರ ಮತ್ತು ತಲೆಕೆಳಗಿನ ಎರಡೂ ಕಡತಗಳನ್ನು ಕಳಿಸಿ, ನಾನೂ ನೋಡಬೇಕೆಂದಿದ್ದೇನೆ.

ಮೈಸೂರಿನವರಿಗೆ: ಮೂಲ ಸ್ಕ್ಯಾನನ್ನು ಹಾಗೆಯೇ ಉಳಿಸಿ, ತಿದ್ದುವುದು ನಕಲಿನಲ್ಲಿ.

ಶಿರಸಿ: ನಾನು ಭೌತಶಾಸ್ತ್ರ ಕಲಿಸುತ್ತೇನೆ. ಜೇನುಗೂಡಿನ ನಮೂನೆಗೆ ನಾಲ್ಕಲ್ಲ, ನಡುವಿನ ಸುತ್ತ ಆರು ಚುಕ್ಕಿಗಳು ಬರುತ್ತವೆ, ಅವುಗಳ ಆಚೆ ಇನ್ನಷ್ಟು. ನಾಲ್ಕು ಬರುವುದು ಬಟ್ಟೆಯ ನೇಯ್ಗೆಯಂತಹ ಚೌಕದ ನಮೂನೆಗೆ.

ಉತ್ತರಿಸುವವರು: ಹೌದು, ಆರು. ಧಾರವಾಡದವರು ಗಮನಿಸಿ.

ಮಂಗಳೂರು: ಚುಕ್ಕಿ ಎಣಿಸುವಷ್ಟರಲ್ಲಿ ನಾನು ಹತ್ತು ಫೋಟೊ ಮುಗಿಸುತ್ತೇನೆ.

ಶಿರಸಿ: ಮುಗಿಸಿ. ಅವುಗಳಲ್ಲಿ ಯಾರಿದ್ದಾರೆ ಎಂದು ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ.

ಮಂಗಳೂರು: ನಮ್ಮ ಮನೆಯವರ ಸುದ್ದಿ ನಿಮಗೆ ಬೇಡ.

ಬಳ್ಳಾರಿ: ಒಂದು ಫೋಟೊ ಸರಿಮಾಡಲು ಎಷ್ಟು ತೆಗೆದುಕೊಳ್ಳುತ್ತೀರಿ ಸರ್?

ಕೋಲಾರ: ನೆಗೆಟಿವ್‌ಗಳು ಒಂದಕ್ಕೊಂದು ಅಂಟಿವೆ. ಏನು ಮಾಡಬೇಕು?

ಉಡುಪಿ: ಬ್ಲರ್ ಕೊಟ್ಟರೆ ಬಲೆ ಹೋಗುವುದಿಲ್ಲವೇ?

ಉತ್ತರಿಸುವವರು: ಹೋಗುತ್ತದೆ, ಕಣ್ಣು ಮೂಗುಗಳೂ ಹೋಗುತ್ತವೆ.

ವಿಜಯಪುರ: ಒಳ್ಳೆಯ ಆಪ್ ಇದ್ದರೆ ತಿಳಿಸಿ ಸರ್.

ಉತ್ತರಿಸುವವರು: ಮೇಲೆ ಎರಡು ಬಾರಿ ಬರೆದಾಗಿದೆ. ಮಂಗಳೂರು, ಶಿರಸಿ, ನಿಮ್ಮ ಜಗಳ ಇಲ್ಲಿಗೆ ಸಾಕು. ತೀರ್ಥಹಳ್ಳಿಯವರು ಮಾವನಿಗೆ ಫೋನ್ ಮಾಡಿದಿರಾ?

ತೀರ್ಥಹಳ್ಳಿ: ಮಾಡಿದೆ. ಮೊದಲು ಬೈದರು, ಆಮೇಲೆ ನಿಲ್ಲಿಸುತ್ತೇನೆ ಎಂದರು. ಮೂಲೆಯ ಚಿತ್ರ ಹಾಕಿದ್ದೇನೆ.

ಉತ್ತರಿಸುವವರು: ನೋಡಿದೆ. ಎಣ್ಣೆ ಅಂಚಿನ ಬಿಳಿ ಪಟ್ಟಿಯನ್ನು ದಾಟಿಲ್ಲ. ಗಾಜಿನ ಸಮೇತ ಮಲಗಿಸಿ, ಚಿತ್ರದ ಬದಿ ಮೇಲಿರಲಿ, ಒಣಗಿದ ಕೋಣೆಯಲ್ಲಿಡಿ. ಅಡುಗೆಮನೆಯ ಗೋಡೆಗೆ ಮತ್ತೆ ನೇತುಹಾಕಬೇಡಿ. ಬಿಡಿಸಲೇಬೇಕಿದ್ದರೆ ಕಾಗದ ಸಂರಕ್ಷಣೆಯ ತರಬೇತಿ ಪಡೆದವರೇ ಬಿಡಿಸಲಿ, ಅದೂ ಗಾಜಿನ ಮೂಲಕ ಚಿತ್ರ ತೆಗೆದು ಎರಡು ಕಡೆ ಉಳಿಸಿಕೊಂಡ ಮೇಲೆ.